ಬೆಳಿಗ್ಗೆ ಬೀಳುವ ಡಿಕ್ಕಿ ಬಾಗಿಲು ಮಧ್ಯಾಹ್ನ ನಿಲ್ಲುವುದು ಯಾಕೆ?

ಪ್ರಶ್ನೆ: ನನ್ನದು 2011ರ ಮಾರುತಿ ಈಕೋ. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ದಿನಾ ಬೆಳಿಗ್ಗೆ ಮಲ್ಪೆ ಬಂದರಿನಿಂದ ಮೀನಿನ ಕ್ರೇಟ್ ತುಂಬಿಸಿಕೊಂಡು ಉಡುಪಿ, ಮಣಿಪಾಲದ ಏಳೆಂಟು ಹೋಟೆಲಿಗೆ ಕೊಡುತ್ತೇನೆ. ಎರಡು ತಿಂಗಳಿಂದ ಹಿಂದಿನ ಬಾಗಿಲು ಮೇಲೆ ನಿಲ್ಲುತ್ತಿಲ್ಲ. ವಿಚಿತ್ರ ಏನೆಂದರೆ, ಬೆಳಿಗ್ಗೆ ಐದೂವರೆಗೆ ಬಂದರಿನಲ್ಲಿ ಎತ್ತಿದರೆ ನಿಧಾನಕ್ಕೆ ಕೆಳಗೆ ಬರುತ್ತದೆ, ಮಧ್ಯಾಹ್ನ ಬಿಸಿಲಲ್ಲಿ ಎತ್ತಿದರೆ ಸರಿಯಾಗಿ ನಿಲ್ಲುತ್ತದೆ. ಕಳೆದ ವಾರ ಕ್ರೇಟ್ ಇಳಿಸುವಾಗ ನನ್ನ ಹೆಂಡತಿಯ ಭುಜದ ಮೇಲೆ ಬಿತ್ತು. ಈಗ ಪೊರಕೆ ಕೋಲು ಕೊಟ್ಟು ನಿಲ್ಲಿಸುತ್ತಿದ್ದೇವೆ. ಒಬ್ಬ ಮೆಕ್ಯಾನಿಕ್ "ಹಿಂಜ್ ಹೋಗಿದೆ, ಬಾಗಿಲೇ ಬದಲಿಸಬೇಕು" ಎಂದರು. ಪಕ್ಕದ ಮನೆಯವರು "ಹೈಡ್ರಾಲಿಕ್ ಖಾಲಿಯಾಗಿದೆ, ಗ್ಯಾಸ್ ತುಂಬಿಸಿದರೆ ಸಾಕು" ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಬಾಗಿಲು ಎತ್ತಿ ಹಿಡಿಯುವ ಹೆವಿ ಡ್ಯೂಟಿ ಶಾಕ್ ಸಿಗುತ್ತದೆ, ಅದು ಒಳ್ಳೆಯದಾ? ಬಲಗಡೆಯದರಲ್ಲಿ ಮಾತ್ರ ಎಣ್ಣೆ ಕಾಣುತ್ತಿದೆ, ಅದೊಂದನ್ನೇ ಬದಲಿಸಬಹುದಾ? ನಾನೇ ಮನೆಯಲ್ಲಿ ಹಾಕಬಹುದಾ? ಬಿಚ್ಚುವಾಗ ಸ್ಫೋಟ ಆಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ.

(ಮಲ್ಪೆ ಹತ್ತಿರದ ಓದುಗರು. ಹೆಸರು ಬೇಡ ಎಂದಿದ್ದಾರೆ.)

ಉತ್ತರ: ಮೊದಲು ಆ ಪೊರಕೆ ಕೋಲನ್ನು ತೆಗೆದುಬಿಡಿ ಮಾರಾಯ್ರೆ. ಒದ್ದೆ ನೆಲ, ಮಂಜುಗಡ್ಡೆ ನೀರು, ಅವಸರದ ಕೆಲಸ. ಕ್ರೇಟಿನ ಮೂಲೆ ತಾಗಿದರೆ ಸಾಕು, ಕೋಲು ಜಾರುತ್ತದೆ. ಆಗ ಬಾಗಿಲು ನಿಧಾನಕ್ಕೆ ಬರುವುದಿಲ್ಲ, ಒಮ್ಮೆಲೇ ಬರುತ್ತದೆ. ಈ ಸಲ ಭುಜಕ್ಕೆ ಬಿತ್ತು, ತಲೆಗೆ ಬೀಳಲಿಲ್ಲ. ಹೊಸ ಶಾಕ್ ಬರುವವರೆಗೆ ಏನು ಮಾಡಬೇಕು ಎಂದು ಮುಂದೆ ಹೇಳುತ್ತೇನೆ.

ನೀವು ಬರೆದದ್ದರಲ್ಲಿ ರೋಗ ಹಿಡಿಯಲು ಬೇಕಾದ ವಿಷಯವೆಲ್ಲ ಇದೆ. ಬೆಳಿಗ್ಗೆ ಬೀಳುತ್ತದೆ, ಮಧ್ಯಾಹ್ನ ನಿಲ್ಲುತ್ತದೆ ಎಂದಿರಲ್ಲ, ಆ ಒಂದು ಮಾತು ಸಾಕು. ಹಿಂಜ್ ಹೋದ ಬಾಗಿಲು ಹೊತ್ತು ನೋಡಿ ಬೀಳುವುದಿಲ್ಲ. ಹೊತ್ತು ನೋಡಿ ಬದಲಾಗುವುದು ಗ್ಯಾಸ್ ಒಂದೇ.

ಬಾಗಿಲನ್ನು ಎತ್ತಿ ಹಿಡಿಯಲು ಎರಡು ಬದಿಯಲ್ಲೂ ಒಂದೊಂದು ಕೊಳವೆ, ಅದರೊಳಗೆ ಹೋಗಿ ಬರುವ ರಾಡ್ ಇರುತ್ತದಲ್ಲ, ನಮ್ಮ ಕಡೆ ಅದನ್ನು ಡಿಕ್ಕಿ ಶಾಕ್ ಅನ್ನುತ್ತಾರೆ, ಕೆಲವರು ಹೈಡ್ರಾಲಿಕ್ ಅನ್ನುತ್ತಾರೆ. ಎರಡೂ ಸ್ವಲ್ಪ ದಾರಿ ತಪ್ಪಿಸುವ ಹೆಸರೇ. ಚಕ್ರದ ಹತ್ತಿರ ಇರುವ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸ ಬೇರೆ. ಇದು ಗ್ಯಾಸ್ ಸ್ಪ್ರಿಂಗ್. ಉಕ್ಕಿನ ಸ್ಪ್ರಿಂಗ್ ಬದಲು ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಇರುತ್ತದೆ. ಜೊತೆಗೆ ಒಂದಿಷ್ಟು ಎಣ್ಣೆ. ಬಾಗಿಲನ್ನು ಎತ್ತುವುದು ಗ್ಯಾಸ್. ಎಣ್ಣೆಯ ಕೆಲಸ ಎರಡೇ: ಬಾಗಿಲು ಮೇಲೆ ಹೋಗಿ ನಿಲ್ಲುವಾಗ ಧಡ್ ಎಂದು ಬಡಿಯದಂತೆ ತಡೆಯುವುದು, ಮತ್ತು ರಾಡ್ ಹೊರಬರುವ ಬಾಯಿಯಲ್ಲಿ ಗ್ಯಾಸನ್ನು ತಡೆಯುವ ರಬ್ಬರ್ ಸೀಲನ್ನು ಒಣಗದಂತೆ ನೋಡಿಕೊಳ್ಳುವುದು.

ಒಳಗೆ ಎಷ್ಟು ಒತ್ತಡ ಇರುತ್ತದೆ ಗೊತ್ತಾ? ಒಂದು ಲೆಕ್ಕ ಮಾಡೋಣ. ಶಾಕಿನ ಮೈಮೇಲೆ 400N ಎಂದು ಬರೆದಿದೆ, ರಾಡಿನ ದಪ್ಪ 8 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 400 ನ್ಯೂಟನ್ ಅಂದರೆ ಸುಮಾರು 40 ಕಿಲೋ ತೂಕದ ಬಲ. ಅಷ್ಟು ಬಲವನ್ನು ಬರೀ 8 ಮಿಲಿಮೀಟರ್ ರಾಡಿನಿಂದ ತೆಗೆಯಬೇಕಾದರೆ ಒಳಗೆ ಹತ್ತಿರ ಹತ್ತಿರ 80 ಬಾರ್ ಒತ್ತಡ ಬೇಕು. ಟೈರ್ ಅಂಗಡಿಯ ಭಾಷೆಯಲ್ಲಿ ಹೇಳಿದರೆ 1,150 ಪೌಂಡ್. ನಿಮ್ಮ ಟೈರಿಗೆ ಹಾಕಿಸುವುದು ಮೂವತ್ತು ಚಿಲ್ಲರೆ ಪೌಂಡ್. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಈಗ ಬೆಳಿಗ್ಗೆ ಮಧ್ಯಾಹ್ನದ ಕತೆ. ಗ್ಯಾಸ್ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಬಲದಲ್ಲಿ ಶೇಕಡಾ ಮೂರಕ್ಕಿಂತ ಸ್ವಲ್ಪ ಜಾಸ್ತಿ ಹೆಚ್ಚು ಕಡಿಮೆ ಆಗುತ್ತದೆ. ಬೆಳಿಗ್ಗೆ ಸಮುದ್ರದ ಪಕ್ಕ 24 ಡಿಗ್ರಿ ಇದ್ದರೆ, ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಬಾಗಿಲ ಸಂದಿಯಲ್ಲಿ 50 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಅಲ್ಲಿಗೆ ಬಲದಲ್ಲಿ ಎಂಟು ಒಂಬತ್ತು ಶೇಕಡಾ ವ್ಯತ್ಯಾಸ. ಹೊಸ ಶಾಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕಂಪೆನಿಯವರು ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಬಲ ಇಟ್ಟೇ ಮಾಡಿರುತ್ತಾರೆ. ನಿಮ್ಮದು ಗ್ಯಾಸ್ ಸೋರಿ ಸೋರಿ ಆ ಜಾಸ್ತಿಯನ್ನೆಲ್ಲ ಕಳೆದುಕೊಂಡು, ಬಾಗಿಲ ತೂಕಕ್ಕೆ ಸರಿಸಮಾನವಾಗಿ ಬಂದು ನಿಂತಿದೆ. ಹಾಗಾಗಿ ತಂಪಿಗೆ ಸೋಲುತ್ತದೆ, ಬಿಸಿಲಿಗೆ ಗೆಲ್ಲುತ್ತದೆ. ಇನ್ನೆರಡು ತಿಂಗಳು ಬಿಟ್ಟರೆ ಬಿಸಿಲಲ್ಲೂ ಬೀಳುತ್ತದೆ. ನನ್ನ ಗ್ಯಾರೇಜಿಗೆ ಇಂಥ ಗಾಡಿಗಳು ಡಿಸೆಂಬರ್, ಜನವರಿಯಲ್ಲಿ ಜಾಸ್ತಿ ಬರುತ್ತವೆ. "ಆಗುಂಬೆಗೆ ಹೋಗಿದ್ದೆವು, ಅಲ್ಲಿ ಡಿಕ್ಕಿ ನಿಲ್ಲಲೇ ಇಲ್ಲ, ಊರಿಗೆ ಬಂದ ಮೇಲೆ ಸರಿಯಾಯಿತು" ಎಂದು ಹೇಳಿದವರು ಇದ್ದಾರೆ. ಸರಿಯಾದದ್ದಲ್ಲ, ಊರು ಬಿಸಿ ಇದ್ದದ್ದು.

ಗ್ಯಾಸ್ ಯಾಕೆ ಸೋರಿತು? ಹದಿನಾಲ್ಕು ಹದಿನೈದು ವರ್ಷದ ಶಾಕಿನಲ್ಲಿ ಸೀಲಿನ ಮೂಲಕ ಸ್ವಲ್ಪ ಸ್ವಲ್ಪವೇ ಹೋಗುವುದು ಸಹಜ. ಈಗ ಇರುವುದು ಗಾಡಿಯ ಜೊತೆಗೆ ಬಂದದ್ದೇ ಆಗಿದ್ದರೆ, ಇಷ್ಟು ದಿನ ಬಾಳಿದ್ದೇ ದೊಡ್ಡದು. ನನ್ನ ಅನುಭವದಲ್ಲಿ ಕರಾವಳಿಯಲ್ಲಿ ಏಳೆಂಟು ವರ್ಷಕ್ಕೇ ಸುಸ್ತಾಗುತ್ತವೆ. ಮೀನಿನ ಗಾಡಿಯಲ್ಲಿ ಇನ್ನೂ ಬೇಗ. ಉಪ್ಪು ಗಾಳಿ ಒಂದು ಕಡೆ, ಕ್ರೇಟಿನಿಂದ ಸಿಡಿಯುವ ಉಪ್ಪು ನೀರು ಇನ್ನೊಂದು ಕಡೆ. ಹೊಳೆಯುವ ರಾಡಿನ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ತುಕ್ಕಿನ ಚುಕ್ಕೆ ಬಿದ್ದರೂ ಸಾಕು. ಪ್ರತಿ ಸಲ ಬಾಗಿಲು ಹಾಕಿದಾಗ ಆ ಚುಕ್ಕೆ ರಬ್ಬರ್ ಸೀಲನ್ನು ತುರಿಮಣೆಯ ಹಾಗೆ ಉಜ್ಜುತ್ತದೆ. ಬಲಗಡೆ ಕಾಣುವ ಎಣ್ಣೆ ಅಲ್ಲಿಂದ ಬಂದದ್ದು. ಆ ರಾಡಿನ ಮೇಲೆ ಉಗುರು ಎಳೆದು ನೋಡಿ, ಗರಗರ ಅನ್ನಿಸಬಹುದು.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದ ಹಿಂಜ್ ವಿಷಯ. ಅವರನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಪರೀಕ್ಷೆ ಮಾಡಿ. ಬಾಗಿಲನ್ನು ಅರ್ಧ ಎತ್ತಿ, ಇಬ್ಬರು ಎರಡು ಬದಿಯಲ್ಲಿ ಹಿಡಿದುಕೊಂಡು ಮೇಲೆ ಕೆಳಗೆ ಅಲುಗಾಡಿಸಿ. ಹಿಂಜಿನ ಹತ್ತಿರ ಟಕ್ ಟಕ್ ಎಂದು ಆಡಿದರೆ ಹಿಂಜ್ ಸವೆದಿದೆ. ಹಿಂಜ್ ಹೋದ ಬಾಗಿಲಿಗೆ ಇನ್ನೂ ಎರಡು ಲಕ್ಷಣ ಇರುತ್ತವೆ: ಹಾಕುವಾಗ ಲಾಕಿಗೆ ಸರಿಯಾಗಿ ಕೂರುವುದಿಲ್ಲ, ಎರಡು ಬದಿಯ ಸಂದಿ ಒಂದೇ ಸಮ ಇರುವುದಿಲ್ಲ. ನೀವು ಅದೇನನ್ನೂ ಬರೆದಿಲ್ಲ. ಹಾಗಾಗಿ ಬಾಗಿಲು ಬದಲಿಸುವ ಮಾತು ಸದ್ಯಕ್ಕೆ ಬೇಡ.

ಹಿಂಜಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ತಗಡಿನ ಬಗ್ಗೆ. ಶಾಕಿನ ಎರಡು ತುದಿಯೂ ಒಂದೊಂದು ಉಕ್ಕಿನ ಗುಂಡಿಗೆ ಕೂರುತ್ತದೆ. ಆ ಗುಂಡು ಬಾಡಿಯ ತಗಡಿಗೆ ಬೋಲ್ಟ್ ಆಗಿರುತ್ತದೆ. ಮೀನಿನ ನೀರು ಹರಿಯುವ ಗಾಡಿಗಳಲ್ಲಿ ಈ ಜಾಗದ ತಗಡು ಹೊರಗೆ ಬಣ್ಣ ಚೆನ್ನಾಗಿ ಕಂಡರೂ ಒಳಗೆ ಹಪ್ಪಳ ಆಗಿರುವುದುಂಟು. ಸ್ಕ್ರೂಡ್ರೈವರಿನ ಹಿಡಿಯಿಂದ ಗುಂಡಿನ ಸುತ್ತ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಶಬ್ದ ಬಂದರೆ ಸರಿ. ಬೊದ್ದು ಶಬ್ದ ಬಂದರೆ, ಅಥವಾ ಬಣ್ಣ ಉಬ್ಬಿ ಒತ್ತಿದಾಗ ಒಳಗೆ ಹೋದರೆ, ಮನೆಯಲ್ಲಿ ಮಾಡುವ ಆಲೋಚನೆ ಅಲ್ಲಿಗೇ ಬಿಡಿ. ಹಳೆಯ ಶಾಕಿನಲ್ಲಿ ಬಲ ಇಲ್ಲದ್ದರಿಂದ ಆ ತಗಡು ಇಷ್ಟು ದಿನ ತಡೆದಿದೆ. ಹೊಸದು ಹಾಕಿದ ಕೂಡಲೇ ಗುಂಡು ತಗಡನ್ನೇ ಕಿತ್ತುಕೊಂಡು ಹೊರಗೆ ಬರಬಹುದು. ಅದಕ್ಕೆ ಮೊದಲು ವೆಲ್ಡಿಂಗ್ ಮಾಡಿಸಿ ಪ್ಯಾಚ್ ಹಾಕಿಸಬೇಕು, ಆಮೇಲೆ ಶಾಕ್.

ಇನ್ನೂ ಒಂದು ಸಣ್ಣ ವಿಷಯ ನೋಡಿ. ಬಾಗಿಲ ಕೆಳ ಅಂಚಿನಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಮಣ್ಣು, ಮೀನಿನ ಹುರುಪೆ ಕಟ್ಟಿಕೊಂಡು ಮುಚ್ಚಿದ್ದರೆ ಮಳೆಗಾಲದ ನೀರು ಬಾಗಿಲ ಒಳಗೇ ನಿಲ್ಲುತ್ತದೆ. ಎತ್ತುವಾಗ ಒಳಗೆ ಗುಳುಗುಳು ಕೇಳುತ್ತದೆ. ಎರಡು ಲೀಟರ್ ನೀರು ನಿಂತರೆ ಎರಡು ಕಿಲೋ ತೂಕ, ಅದೂ ಹಿಂಜಿನಿಂದ ತೀರಾ ದೂರದಲ್ಲಿ. ಒಂದು ಕಡ್ಡಿ ಹಾಕಿ ತೂತು ಬಿಡಿಸಿ. ಇದರಿಂದಲೇ ಬಾಗಿಲು ನಿಂತದ್ದನ್ನು ನಾನು ಒಂದೆರಡು ಸಲ ನೋಡಿದ್ದೇನೆ. ನಿಮ್ಮದರಲ್ಲಿ ಎಣ್ಣೆ ಕಾಣುತ್ತಿರುವುದರಿಂದ ಇದೊಂದರಿಂದ ಮುಗಿಯುವುದಿಲ್ಲ, ಆದರೂ ಮಾಡಿ.

ಗ್ಯಾಸ್ ತುಂಬಿಸುವ ಬಗ್ಗೆ. ಗಾಡಿಗೆ ಬರುವ ಸಾಮಾನ್ಯ ಡಿಕ್ಕಿ ಶಾಕಿಗೆ ಗ್ಯಾಸ್ ತುಂಬುವ ವಾಲ್ವ್ ಇರುವುದಿಲ್ಲ. ಫ್ಯಾಕ್ಟರಿಯಲ್ಲಿ ತುಂಬಿ ಮುಚ್ಚಿಬಿಟ್ಟಿರುತ್ತಾರೆ. ಕೆಲವು ಕಾರ್ಖಾನೆ ಯಂತ್ರಗಳಿಗೆ ಬರುವ ಗ್ಯಾಸ್ ಸ್ಪ್ರಿಂಗಿನಲ್ಲಿ ವಾಲ್ವ್ ಇರುತ್ತದೆ, ಆ ಮಾತು ಬೇರೆ. ನಮ್ಮದಕ್ಕೆ ತುಂಬಿಸಬೇಕಾದರೆ ಕೊಳವೆಗೆ ತೂತು ಕೊರೆದು, ವಾಲ್ವ್ ಕೂರಿಸಿ ಬೆಸುಗೆ ಹಾಕಬೇಕು. ಸಾವಿರ ಪೌಂಡ್ ಒತ್ತಡ ಹಿಡಿಯಬೇಕಾದ ತೆಳು ಕೊಳವೆಗೆ ಈ ಆಟ ಬೇಡ. ಅದೂ ಅಲ್ಲದೆ ಗ್ಯಾಸ್ ಹೋಗಿದ್ದು ಹರಿದ ಸೀಲಿನಿಂದ ತಾನೇ? ಸೀಲ್ ಹಾಗೇ ಇಟ್ಟು ಗ್ಯಾಸ್ ತುಂಬುವುದೆಂದರೆ ತೂತಿನ ಕೊಡಕ್ಕೆ ನೀರು ಹೊತ್ತ ಹಾಗೆ. ಗುಜರಿಯಿಂದ ಹಳೆಯದನ್ನು ತರುವುದೂ ಹೆಚ್ಚು ಕಡಿಮೆ ಇದೇ ಕತೆ. ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ.

ಹೆವಿ ಡ್ಯೂಟಿ ವಿಷಯಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನೇ ಇದರಲ್ಲಿ ಕೈ ಸುಟ್ಟುಕೊಂಡವನು. ಗ್ಯಾರೇಜ್ ಶುರು ಮಾಡಿದ ಹೊಸತು. ಗಿರಾಕಿಯೊಬ್ಬರ ಕಾರಿಗೆ ಸರಿಯಾದದ್ದು ಸಿಗಲಿಲ್ಲ. ಉದ್ದ ಒಂದೇ ಇತ್ತು, ಬಲ ಮಾತ್ರ ಜಾಸ್ತಿ. "ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ" ಎಂದು ಹಾಕಿ ಕಳಿಸಿದೆ. ಅವರಿಗೂ ಖುಷಿ, ಬಟನ್ ಒತ್ತಿದರೆ ಬಾಗಿಲು ತಾನೇ ಹಾರುತ್ತಿತ್ತು. ಎರಡನೇ ದಿನ ಮನೆಯ ಪೋರ್ಟಿಕೋದ ಟ್ಯೂಬ್‌ಲೈಟಿಗೆ ಬಡಿಯಿತು. ಆರು ತಿಂಗಳ ಮೇಲೆ ಗಾಡಿ ಬಂದಾಗ ಹಿಂಜಿನ ಹತ್ತಿರ ಬಾಗಿಲಿನ ತಗಡು ಸ್ವಲ್ಪ ಉಬ್ಬಿತ್ತು, ಒಂದು ಮೂಲೆಯಿಂದ ಮಳೆ ನೀರು ಒಳಗೆ ಬರುತ್ತಿತ್ತು. ಶಾಕ್ ಬದಲಿಸಿಕೊಟ್ಟೆ, ತಗಡು ಸರಿ ಮಾಡಿಸಿಕೊಟ್ಟೆ. ನನ್ನದೇ ದುಡ್ಡು.

ಯಾಕೆ ಹೀಗಾಗುತ್ತದೆ ಎಂದರೆ, ಶಾಕ್ ಬಾಗಿಲನ್ನು ಹಿಂಜಿನ ತೀರಾ ಹತ್ತಿರದಿಂದ ಎತ್ತುತ್ತದೆ. ಉದಾಹರಣೆಗೆ ಬಾಗಿಲು 20 ಕಿಲೋ ಇದೆ, ಅದರ ತೂಕದ ನಡು ಹಿಂಜಿನಿಂದ 50 ಸೆಂಟಿಮೀಟರ್ ದೂರ ಇದೆ ಎನ್ನೋಣ. ಶಾಕ್ ತಳ್ಳುವ ಗೆರೆ ಹಿಂಜಿನಿಂದ ಬರೀ 15 ಸೆಂಟಿಮೀಟರ್ ದೂರ. ಆಗ 20 ಕಿಲೋ ಬಾಗಿಲನ್ನು ಹಿಡಿದು ನಿಲ್ಲಿಸಲು ಸುಮಾರು 650 ನ್ಯೂಟನ್ ಬೇಕು. ಎರಡು ಶಾಕಿಗೆ ಹಂಚಿದರೆ ಒಂದಕ್ಕೆ 325. ಅದರ ಮೇಲೆ ಸ್ವಲ್ಪ ಕೈಯಲ್ಲಿರಲಿ ಎಂದು ಸೇರಿಸಿ 380ರ ಹತ್ತಿರದ್ದನ್ನು ಹಾಕುತ್ತಾರೆ. ಇದು ಲೆಕ್ಕ ತೋರಿಸಲಿಕ್ಕೆ ಹೇಳಿದ ಸಂಖ್ಯೆ, ನಿಮ್ಮ ಈಕೋದ ಸಂಖ್ಯೆ ಅಲ್ಲ. ವಿಷಯ ಏನೆಂದರೆ, ಆ ಬಲವೆಲ್ಲ ಕೊನೆಗೆ ಹೋಗಿ ಬೀಳುವುದು ಹಿಂಜು ಮತ್ತು ತಗಡಿನ ಮೇಲೆ. ಬಾಗಿಲು ಹಾಕಿದ್ದಾಗ ಶಾಕ್ ಪೂರ್ತಿ ಒತ್ತಿಕೊಂಡಿರುತ್ತದೆ, ಅಂದರೆ ದಿನದ ಇಪ್ಪತ್ಮೂರು ಗಂಟೆ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಹೆಸರಿಲ್ಲದ ಹೆವಿ ಡ್ಯೂಟಿ ಬೇಡ ಎನ್ನುವುದು. ಬಾಗಿಲಿಗೆ ಹೊರಗಿನಿಂದ ದೊಡ್ಡ ಸ್ಪಾಯ್ಲರ್, ಏಣಿ, ಸ್ಟೆಪ್ನಿ ಏನಾದರೂ ಕೂರಿಸಿದ್ದರೆ ಮಾತ್ರ ಜಾಸ್ತಿ ಬಲದ ಲೆಕ್ಕ ಹಾಕಬೇಕು. ನಿಮ್ಮದು ಹಾಗಲ್ಲ.

ಒಂದನ್ನೇ ಬದಲಿಸಬಹುದಾ ಎಂದು ಕೇಳಿದ್ದೀರಿ. ಬೇಡ, ಜೋಡಿಯಾಗಿ ಹಾಕಿ. ಎಡಗಡೆಯದು ಎಣ್ಣೆ ಬಿಡದಿದ್ದರೂ ಅದಕ್ಕೂ ಅಷ್ಟೇ ವಯಸ್ಸು. ಬಲಕ್ಕೆ ಹೊಸದು, ಎಡಕ್ಕೆ ಸೋತದ್ದು ಇದ್ದರೆ ಪ್ರತಿ ಸಲ ಬಾಗಿಲು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಹಿಂಜಿನ ರೋಗ ನಿಜವಾಗಿಯೂ ಬರುತ್ತದೆ.

ಎಲ್ಲಿ ತರುವುದು? ಆರ್‌ಸಿಯ ಫೋಟೋ ತೆಗೆದುಕೊಂಡು ಕಂಪೆನಿ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಿ. ಚಾಸಿ ನಂಬರ್ ಹಾಕಿದರೆ ನಿಮ್ಮ ಗಾಡಿಗೆ ಬರುವ ಪಾರ್ಟ್ ನಂಬರ್ ಸಿಗುತ್ತದೆ. ಅಲ್ಲಿ ಡಿಕ್ಕಿ ಶಾಕ್ ಎಂದರೆ ಕೆಲವೊಮ್ಮೆ ಹುಡುಗರಿಗೆ ಗೊತ್ತಾಗುವುದಿಲ್ಲ. ಮಾರುತಿಯ ಪಟ್ಟಿಯಲ್ಲಿ ಅದರ ಹೆಸರು 'ಬ್ಯಾಕ್ ಡೋರ್ ಬ್ಯಾಲೆನ್ಸರ್'. ಟೊಯೊಟಾದವರು ಅದನ್ನೇ 'ಬ್ಯಾಕ್ ಡೋರ್ ಸ್ಟೇ' ಅನ್ನುತ್ತಾರೆ, ಹ್ಯುಂಡೈಯವರು 'ಟೈಲ್‌ಗೇಟ್ ಲಿಫ್ಟರ್'. ಒಂದೇ ವಸ್ತು, ಮೂರು ನಾಮಕರಣ. ಎಡ ಬಲಕ್ಕೆ ಬೇರೆ ಬೇರೆ ನಂಬರ್ ಇದ್ದರೆ ಎರಡನ್ನೂ ಸರಿಯಾಗಿ ಕೇಳಿ ತನ್ನಿ.

ಹೊರಗಿನ ಅಂಗಡಿಯಿಂದ ಬೇರೆ ಬ್ರಾಂಡಿನದು ತಂದರೂ ನನ್ನ ತಕರಾರಿಲ್ಲ. ಆದರೆ ಮೂರು ಅಳತೆ ಕೂಡಿ ಬರಬೇಕು. ಪೂರ್ತಿ ಚಾಚಿದಾಗ ಒಂದು ಗುಂಡಿನ ನಡುವಿನಿಂದ ಇನ್ನೊಂದು ಗುಂಡಿನ ನಡುವಿಗೆ ಎಷ್ಟು ಉದ್ದ, ರಾಡ್ ಎಷ್ಟು ಒಳಗೆ ಹೋಗುತ್ತದೆ, ಮೈಮೇಲೆ ಎಷ್ಟು N ಎಂದು ಬರೆದಿದೆ. ಉದ್ದ ಒಂದು ಸೆಂಟಿಮೀಟರ್ ಜಾಸ್ತಿಯಾದರೂ ಬಾಗಿಲು ಅದರ ಮಿತಿ ದಾಟಿ ಮೇಲೆ ಹೋಗಿ ಹಿಂಜನ್ನು ಎಳೆಯುತ್ತದೆ. ರಾಡ್ ಸಾಕಷ್ಟು ಒಳಗೆ ಹೋಗದಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ.

ಈಗ ನಿಮ್ಮ ದೊಡ್ಡ ಹೆದರಿಕೆ, ಸ್ಫೋಟ. ಶಾಕ್ ಪೂರ್ತಿ ಚಾಚಿದ್ದಾಗ, ಅಂದರೆ ಬಾಗಿಲು ಪೂರ್ತಿ ಮೇಲಿದ್ದಾಗ, ರಾಡ್ ಅದರ ಕೊನೆಗೆ ಬಂದು ನಿಂತಿರುತ್ತದೆ. ಆಗ ಕ್ಲಿಪ್ ಬಿಚ್ಚಿದರೆ ಏನೂ ಹಾರುವುದಿಲ್ಲ, ಸ್ಫೋಟವೂ ಆಗುವುದಿಲ್ಲ. ಬಾಗಿಲು ಅರ್ಧದಲ್ಲಿದ್ದಾಗ ಬಿಚ್ಚಿದರೆ ಒತ್ತಿಕೊಂಡ ರಾಡ್ ರಪ್ ಎಂದು ಹೊರಗೆ ಬರುತ್ತದೆ, ಎದುರಿಗೆ ಮುಖ ಇದ್ದರೆ ಕತೆ ಮುಗಿಯಿತು. ಆದರೆ ನನ್ನ ಕಣ್ಣೆದುರು ಆದ ಪೆಟ್ಟುಗಳು ಬಹುಪಾಲು ಶಾಕಿನಿಂದ ಆದವಲ್ಲ, ಬಾಗಿಲಿನಿಂದ ಆದವು. ಗ್ಯಾರೇಜಿನ ಹುಡುಗನೊಬ್ಬ ಎರಡೂ ಶಾಕನ್ನು ಒಟ್ಟಿಗೆ ಬಿಚ್ಚಿದ, ಬಾಗಿಲು ಹಿಡಿದುಕೊಂಡಿದ್ದವನಿಗೆ ಫೋನ್ ಬಂತು. ಅಷ್ಟೇ ಆದದ್ದು. ಏಳು ಹೊಲಿಗೆ.

ಹಾಗಾಗಿ ಮನೆಯಲ್ಲಿ ಮಾಡಬಹುದು, ಖಂಡಿತ ಮಾಡಬಹುದು, ಆದರೆ ಒಬ್ಬರೇ ಅಲ್ಲ. ಹಿಡಿಯುವುದನ್ನು ಬಿಟ್ಟು ಬೇರೇನೂ ಮಾಡದ ಇನ್ನೊಬ್ಬರು ಬೇಕು. ಮಕ್ಕಳು ಹತ್ತಿರ ಬೇಡ. ಸಮತಟ್ಟು ಜಾಗ ನೋಡಿ, ಗಾಳಿ ಇಲ್ಲದ ಹೊತ್ತು ನೋಡಿ. ಸಂಜೆ ಸಮುದ್ರದ ಗಾಳಿ ಬೀಸುವಾಗ ಎತ್ತಿದ ಬಾಗಿಲು ಹಾಯಿ ಇದ್ದ ಹಾಗೆ. ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿಯನ್ನು ಗೇರಿನಲ್ಲಿಡಿ. ಹಿಂದಿನಿಂದ ಕ್ರೇಟ್ ಎಲ್ಲ ತೆಗೆಯಿರಿ. ಪಕ್ಕಾಸಿನದೋ ರೀಪಿನದೋ ಗಟ್ಟಿ ಮರದ ತುಂಡೊಂದನ್ನು, ಬಾಗಿಲು ಪೂರ್ತಿ ತೆರೆದಾಗ ಬಿಗಿಯಾಗಿ ಕೂರುವಷ್ಟು ಉದ್ದಕ್ಕೆ ಕುಯ್ದುಕೊಳ್ಳಿ. ಎರಡು ತುದಿಗೂ ಹಳೆಯ ಬಟ್ಟೆ ಸುತ್ತಿ. ಕೋಲೂ ಬೇಕು, ಹಿಡಿಯುವ ಮನುಷ್ಯನೂ ಬೇಕು. ಒಂದಿದೆ ಎಂದು ಇನ್ನೊಂದನ್ನು ಬಿಡಬೇಡಿ.

ಸಾಮಾನು ಹೆಚ್ಚು ಬೇಡ. ಚಪ್ಪಟೆ ಬಾಯಿಯ ಸಣ್ಣ ಸ್ಕ್ರೂಡ್ರೈವರ್, ಗುಂಡನ್ನೂ ಬದಲಿಸುವುದಾದರೆ ಅದಕ್ಕೆ ಕೂರುವ ಸ್ಪಾನರ್, ಚೂರು ಗ್ರೀಸ್, ಬಟ್ಟೆ. ಕಣ್ಣಿಗೆ ಕನ್ನಡಕ ಇಲ್ಲದಿದ್ದರೆ ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿ. ನಗಬೇಡಿ, ಆ ಸಣ್ಣ ಕ್ಲಿಪ್ ಸಿಡಿಯುವುದು ನೇರ ಕಣ್ಣಿಗೇ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಬದಿಯ ಫೋಟೋ ತೆಗೆದಿಡಿ. ದಪ್ಪ ಕೊಳವೆ ಯಾವ ಕಡೆ, ತೆಳು ರಾಡ್ ಯಾವ ಕಡೆ ಎಂದು ಆಮೇಲೆ ಗೊಂದಲ ಆಗಬಾರದು. ಸಾಮಾನ್ಯ ನಿಯಮ ಏನೆಂದರೆ ಬಾಗಿಲು ಮುಚ್ಚಿದ್ದಾಗ ರಾಡ್ ಕೆಳಮುಖ ಇರಬೇಕು. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಹಸಿಯಾಗಿ ಇಡುತ್ತದೆ. ಹಿಂದೆ ಯಾರೋ ತಲೆಕೆಳಗೆ ಹಾಕಿದ್ದರೆ ಅದೇ ಬೇಗ ಹೋಗಲು ಕಾರಣ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ, ಯಾರು ಏನು ಮಾಡಿದ್ದರೋ.

ಶಾಕಿನ ತುದಿಯಲ್ಲಿ, ಗುಂಡು ಕೂರುವ ಬಟ್ಟಲಿನ ಕುತ್ತಿಗೆಗೆ ತೆಳು ಉಕ್ಕಿನ ಕ್ಲಿಪ್ ಇರುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಅದರ ಅಡಿಗೆ ಕೊಟ್ಟು ಮೂರು ನಾಲ್ಕು ಮಿಲಿಮೀಟರ್ ಎತ್ತಿದರೆ ಸಾಕು, ಪೂರ್ತಿ ಕೀಳಬೇಕಿಲ್ಲ. ಬಟ್ಟಲನ್ನು ಗುಂಡಿನಿಂದ ನೇರ ಹೊರಗೆ ಎಳೆಯಿರಿ. ಮೇಲಿನ ತುದಿ ಮೊದಲು, ಕೆಳಗಿನದು ಆಮೇಲೆ. ಕೆಲವು ಗಾಡಿಗಳಲ್ಲಿ ಒಂದು ತುದಿಗೆ ಕ್ಲಿಪ್ ಬದಲು ಬೋಲ್ಟ್ ಹಾಕಿದ ಪಟ್ಟಿ ಇರುತ್ತದೆ, ಅದನ್ನು ಸ್ಪಾನರಿನಲ್ಲೇ ಬಿಚ್ಚಬೇಕು. ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬರಲ್ಲ ಎಂದರೆ ಜಿದ್ದಿಗೆ ಬೀಳಬೇಡಿ. ಬೋಲ್ಟ್ ತುಂಡಾದರೆ, ಇಲ್ಲವೇ ಒಳಗಿನ ನಟ್ ಕಿತ್ತು ಸುಮ್ನೆ ತಿರುಗಲು ಶುರುವಾದರೆ, ಹತ್ತು ನಿಮಿಷದ ಕೆಲಸ ಅರ್ಧ ದಿನದ್ದಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ತನ್ನಿ.

ಒಂದು ಬದಿಯದನ್ನು ತೆಗೆದ ಕೂಡಲೇ ಆ ಬದಿಗೆ ಹೊಸದನ್ನು ಕೂರಿಸಿ. ಎರಡನೆಯದನ್ನು ಮುಟ್ಟುವುದು ಆಮೇಲೆ. ಬಟ್ಟಲಿನ ಒಳಗೆ ಉದ್ದಿನ ಕಾಳಿನಷ್ಟು ಗ್ರೀಸ್ ಹಾಕಿ, ಗುಂಡಿನ ಮೇಲಿಟ್ಟು ಅಂಗೈಯಿಂದ ಒತ್ತಿದರೆ ಟಕ್ ಎಂದು ಕೂರುತ್ತದೆ. ಎಳೆದು ನೋಡಿ, ಬರಬಾರದು. ಉದ್ದ ಒಂಚೂರು ಸಾಲದಿದ್ದರೆ ಅಥವಾ ಜಾಸ್ತಿಯಾದರೆ ಬಾಗಿಲನ್ನು ಸ್ವಲ್ಪ ಎತ್ತಿ ಇಳಿಸಿ ಹೊಂದಿಸಿ. ಶಾಕನ್ನು ಕೈಯಲ್ಲಿ ಒತ್ತಿ ಗಿಡ್ಡ ಮಾಡಲು ಹೋಗಬೇಡಿ. ಹೊಸದು 40 ಕಿಲೋ ಬಲದಲ್ಲಿ ನಿಮ್ಮನ್ನೇ ತಳ್ಳುತ್ತದೆ.

ಎರಡೂ ಕೂತ ಮೇಲೆ ಕೋಲು ತೆಗೆದು, ಕೈ ಬಿಡದೆ ಬಾಗಿಲನ್ನು ಒಂದು ಸಲ ತೀರಾ ನಿಧಾನಕ್ಕೆ ಇಳಿಸಿ. ಲಾಕ್ ಕೂರುವ ಮೊದಲೇ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ, ತಪ್ಪು ಅಳತೆಯ ಶಾಕ್ ಬಂದಿದೆ ಎಂದರ್ಥ. ಮೊದಲ ಕೆಲವು ದಿನ ಬಾಗಿಲು ಹಾಕಲು ಮೊದಲಿಗಿಂತ ಬಲ ಬೇಕು ಅನ್ನಿಸುತ್ತದೆ, ಅದು ಸರಿಯೇ. ತೆರೆಯುವಾಗಲೂ ಮೊದಲ ಒಂದಡಿ ನೀವೇ ಎತ್ತಬೇಕು. ಅಲ್ಲಿಯವರೆಗೆ ಶಾಕ್ ತಳ್ಳುವ ಗೆರೆ ಹಿಂಜಿನ ತೀರಾ ಹತ್ತಿರ ಇರುತ್ತದೆ, ಅದರ ಬಲ ಬಾಗಿಲನ್ನು ಎತ್ತಲು ಸಾಲುವುದಿಲ್ಲ.

ಹೊಸದು ಬರುವವರೆಗೆ ಪೊರಕೆ ಬದಲು ಏನು? ವಯರಿಂಗಿಗೆ ಬಳಸುವ ಗಟ್ಟಿ ಪಿವಿಸಿ ಪೈಪಿನ ತುಂಡೊಂದನ್ನು ಉದ್ದಕ್ಕೆ ಸೀಳಿಕೊಳ್ಳಿ. ಬಾಗಿಲು ಪೂರ್ತಿ ಎತ್ತಿದಾಗ ಹೊರಗೆ ಕಾಣುವ ರಾಡಿನ ಉದ್ದಕ್ಕೆ ಸರಿಯಾಗಿ ಅದನ್ನು ಕುಯ್ದು, ರಾಡಿನ ಮೇಲೆ ಸಿಕ್ಕಿಸಿ. ರಾಡ್ ಒಳಗೆ ಹೋಗಲು ಜಾಗ ಇರುವುದಿಲ್ಲ, ಬಾಗಿಲು ಬೀಳುವುದಿಲ್ಲ. ಎರಡು ಬದಿಗೂ ಹಾಕಿ, ಮುಚ್ಚುವಾಗ ತೆಗೆಯಿರಿ. ಕ್ರೇಟ್ ತಾಗಿದರೂ ಇದು ಪೊರಕೆಯ ಹಾಗೆ ಜಾರುವುದಿಲ್ಲ. ಆದರೂ ವಾರ ಎರಡು ವಾರದ ಉಪಾಯ ಅಷ್ಟೇ, ಇದನ್ನೇ ಸಂಸಾರ ಮಾಡಿಕೊಳ್ಳಬೇಡಿ. ಜೂನ್ ಜುಲೈಯ ಮೀನುಗಾರಿಕೆ ರಜೆಯಲ್ಲಿ ಮಾಡೋಣ ಎಂದೂ ದೂಡಬೇಡಿ. ಆಗ ಮಳೆಯಲ್ಲಿ ಬಾಗಿಲು ಎತ್ತಿ ಕೆಲಸ ಮಾಡಲು ಜಾಗ ಸಿಗುವುದಿಲ್ಲ.

ಹೊಸದನ್ನು ಹಾಕಿದ ಮೇಲೆ ನೋಡಿಕೊಳ್ಳುವುದು ಸುಲಭ. ದಿನದ ಕೆಲಸ ಮುಗಿದ ಮೇಲೆ ರಾಡನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ರಾಡಿಗೆ ಗ್ರೀಸ್ ಹಚ್ಚುವವರಿದ್ದಾರೆ, ನೀವು ಹಚ್ಚಬೇಡಿ. ಅದಕ್ಕೆ ಮರಳು ಅಂಟಿ ಸೀಲನ್ನೇ ತಿನ್ನುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಶರ್ ನೀರನ್ನು ಸೀಲಿನ ಬುಡಕ್ಕೆ ಹೊಡೆಸಬೇಡಿ. ಬಾಗಿಲನ್ನು ಶಾಕ್ ಹಿಡಿದು ಎಳೆದು ಹಾಕುವ ಅಭ್ಯಾಸ ಇದ್ದರೆ ಬಿಡಿ, ನಡುವಿನ ಹಿಡಿಯಿಂದ ಹಾಕಿ. ಮಂಜುಗಡ್ಡೆ ನೀರು ಮೂಲೆಗೆ ಹರಿಯದಂತೆ ಕ್ರೇಟಿನ ಅಡಿಗೆ ದಪ್ಪ ಟಾರ್ಪಾಲ್ ಹಾಕಿದರೆ ಶಾಕಿಗೂ ಒಳ್ಳೆಯದು, ಗಾಡಿಯ ತಳಕ್ಕೂ ಒಳ್ಳೆಯದು.

ತೆಗೆದ ಹಳೆಯ ಶಾಕನ್ನು ಅಂಗಳದ ಮೂಲೆಯಲ್ಲಿ ಬಿಸಾಡಬೇಡಿ. ಬಾಗಿಲು ಎತ್ತಲು ಆಗದ ಶಾಕಿನೊಳಗೂ ಇನ್ನೂ ನೂರಾರು ಪೌಂಡ್ ಒತ್ತಡ ಉಳಿದಿರುತ್ತದೆ. ಒಳಗೆ ಏನಿದೆ ನೋಡೋಣ ಎಂದು ಗರಗಸ, ಡ್ರಿಲ್ ಹಾಕಬೇಡಿ. ಯಾರಾದರೂ ಅದನ್ನು ತೆಂಗಿನ ಸಿಪ್ಪೆಯ ಜೊತೆಗೆ ಬಚ್ಚಲ ಒಲೆಗೋ, ಕಸದ ಬೆಂಕಿಗೋ ಹಾಕಿದರೆ ನಿಮ್ಮನ್ನು ಹೆದರಿಸಿದವರು ಹೇಳಿದ ಸ್ಫೋಟ ಅಲ್ಲಿ ಆಗುತ್ತದೆ. ಗ್ಯಾರೇಜಿಗೆ ಕೊಡಿ. ಗುಜರಿಯವರಿಗೇ ಕೊಡುವುದಾದರೆ ಒಳಗೆ ಗ್ಯಾಸ್ ಉಂಟು, ಬೆಂಕಿಗೆ ಹಿಡಿಯಬೇಡಿ ಎಂದು ಬಾಯಿಬಿಟ್ಟು ಹೇಳಿ ಕೊಡಿ.